ಓದುಗರ ಪ್ರಶ್ನೆ: ಏಳ್ಮಡುವಿನ ನಕ್ಷೆಯಲ್ಲಿ ನೀರು ಹರಿದ ದಾರಿ

ಈ ಪತ್ರಿಕೆಯಲ್ಲಿ ಬರುತ್ತಿರುವ ನನ್ನ ಧಾರಾವಾಹಿಯ ಜೊತೆಗೆ ಕಳೆದ ಸಂಚಿಕೆಯಲ್ಲಿ ಏಳ್ಮಡು ಎಂಬ ಕಲ್ಪಿತ ಸೀಮೆಯ ನಕ್ಷೆಯೊಂದನ್ನು ಅಚ್ಚು ಮಾಡಿದ್ದೆವು. ನಕ್ಷೆ ಕೈಯಲ್ಲಿಲ್ಲದವರಿಗಾಗಿ ಅದನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಪಶ್ಚಿಮಕ್ಕೆ ಪಡುಗಡಲು, ಅದರ ಬೆನ್ನಿಗೆ ಕಿರಿದಾದ ಕರಾವಳಿ, ಕರಾವಳಿಯ ಹಿಂದೆ ಗೋಡೆಯಂತೆ ನಿಂತ ಮುಗಿಲುಗಟ್ಟ, ಗಟ್ಟದ ಆಚೆ ಮೂಡುಗಡಲಿನವರೆಗೆ ಹರಡಿದ ಬಯಲು. ಗಟ್ಟದ ನೆತ್ತಿಯಲ್ಲಿ ಹೆಗ್ಗೆರೆ ಎಂಬ ದೊಡ್ಡ ಸರೋವರವಿದೆ, ಆಕಾಶದಲ್ಲಿ ಎರಡು ಚಂದ್ರರಿದ್ದಾರೆ. ಕಥೆಯ ನಾಯಕಿಯ ಬಗ್ಗೆ ಪತ್ರಗಳು ಬರಬಹುದೆಂದು ಕಾದಿದ್ದೆ. ಬಂದವೆಲ್ಲ ಹೊಳೆಗಳ ಬಗ್ಗೆ. ಮುಂಬಯಿ, ಪುಣೆ, ಗೋವೆಗಳ ಕನ್ನಡಿಗರು ಮಳೆಗಾಲದ ನಾಲ್ಕು ತಿಂಗಳು ನೀರಿನೊಡನೆ ಏಗುವವರಾದ್ದರಿಂದ ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲವೆಂದು ಈಗ ಅನ್ನಿಸುತ್ತಿದೆ.

ಪ್ರಶ್ನೆ: ನಿಮ್ಮ ಕಾರ್ಹೊಳೆ ಪಡುಗಡಲಿನಿಂದ ಬರೀ ಹನ್ನೆರಡು ಹರದಾರಿ ದೂರದಲ್ಲಿ ಹುಟ್ಟುತ್ತದೆ. ಅಷ್ಟು ಹತ್ತಿರದಲ್ಲಿ ಕಡಲಿರುವಾಗ ಅದಕ್ಕೆ ಬೆನ್ನು ತಿರುಗಿಸಿ, ಇಡೀ ಸೀಮೆಯನ್ನು ದಾಟಿ, ಮೂಡುಗಡಲಿಗೆ ಹೋಗುವುದೆಂದರೆ ನಂಬುವುದು ಹೇಗೆ? ಕಲ್ಪನೆಗೂ ಒಂದು ಮಿತಿ ಬೇಡವೇ?
(ಒಬ್ಬ ಓದುಗರು, ಡೊಂಬಿವಲಿ)

ಉತ್ತರ: ಇದು ನನ್ನ ಕಲ್ಪನೆಯೇ ಅಲ್ಲ. ಕೃಷ್ಣೆಯನ್ನು ನೋಡಿ ಬರೆದದ್ದು. ಮಹಾಬಳೇಶ್ವರದಲ್ಲಿ ಸುಮಾರು 1,300 ಮೀಟರ್ ಎತ್ತರದಲ್ಲಿ ಹುಟ್ಟುವ ಕೃಷ್ಣೆಗೆ ಅರಬ್ಬೀ ಸಮುದ್ರವಿರುವುದು ಸುಮಾರು 64 ಕಿಲೋಮೀಟರ್ ದೂರದಲ್ಲಿ. ಆದರೂ ಅದು ಸುಮಾರು 1,400 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಅದೇ ಗಿರಿಯ ನೆತ್ತಿಯಲ್ಲಿ ಹುಟ್ಟುವ ಸಾವಿತ್ರಿ ಪಶ್ಚಿಮಕ್ಕೆ ಧುಮುಕಿ ಕೊಂಕಣವನ್ನು ಹಾದು ಅರಬ್ಬೀ ಸಮುದ್ರ ಸೇರುತ್ತದೆ. ಹಳೆಯ ಮಹಾಬಳೇಶ್ವರದ ಪಂಚಗಂಗಾ ದೇವಸ್ಥಾನದಲ್ಲಿ ಕೃಷ್ಣಾ, ಕೊಯ್ನಾ, ವೆಣ್ಣಾ, ಗಾಯತ್ರಿ, ಸಾವಿತ್ರಿ ಎಂಬ ಐದು ನದಿಗಳಿಗೂ ಒಂದೇ ಗೋಮುಖದಲ್ಲಿ ಪೂಜೆ ಸಲ್ಲುತ್ತದೆ. ಒಂದೇ ಚಾವಣಿಯ ಕೆಳಗೆ ಕೈಮುಗಿಸಿಕೊಳ್ಳುವ ಅಕ್ಕತಂಗಿಯರಲ್ಲಿ ಸಾವಿತ್ರಿ ಒಂದು ಕಡಲಿಗೆ, ಕೃಷ್ಣೆ ಇನ್ನೊಂದು ಕಡಲಿಗೆ!

ಕಡಲು ಎಷ್ಟು ಹತ್ತಿರವಿದೆ ಎಂಬುದರ ಮೇಲೆ ನೀರಿನ ದಾರಿ ನಿರ್ಧಾರವಾಗುವುದಿಲ್ಲ. ಕಾಲ ಕೆಳಗಿನ ಇಳಿಜಾರು ಯಾವ ಕಡೆಗಿದೆಯೋ ಅದೇ ಅದರ ದಾರಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ ಪದರ ಪದರವಾಗಿ ಹೆಪ್ಪುಗಟ್ಟಿ ದಖನ್ನಿನ ಈ ಭಾಗವಾಯಿತು. ಪ್ರಸ್ಥಭೂಮಿಯ ಪಶ್ಚಿಮದ ಅಂಚು ಕಡಿದಾದ ಗೋಡೆ, ಅಲ್ಲಿಂದ ಪೂರ್ವಕ್ಕೆ ಅದು ಒಂದು ಕಡೆ ಎತ್ತಿ ಹಿಡಿದ ಮೊರದಂತೆ ವಾಲಿದೆ. ಗೋಡೆಯ ಅಂಚಿನಿಂದ ಒಂದು ಮಾರು ಒಳಗೆ ಬಿದ್ದ ಹನಿಗೂ ಪೂರ್ವವೇ ಗತಿ. ಮೇಲಿನ ಅಂಕಿಗಳನ್ನು ಭಾಗಿಸಿ ನೋಡಿದರೆ ಕೃಷ್ಣೆ ಸರಾಸರಿ ಕಿಲೋಮೀಟರಿಗೆ ಒಂದು ಮೀಟರಿಗಿಂತ ಕಡಿಮೆ ಇಳಿಯುತ್ತದೆ, ಅಷ್ಟೇ ಎತ್ತರವನ್ನು ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಇಳಿದು ಮುಗಿಸಬೇಕಾದ ಸಾವಿತ್ರಿ ಹತ್ತು ಮೀಟರಿಗಿಂತ ಹೆಚ್ಚು ಇಳಿಯುತ್ತದೆ. ಹಾಗಾಗಿಯೇ ನಕ್ಷೆಯಲ್ಲಿ ಗಟ್ಟದ ಪಡುವಣ ಹೊಳೆಗಳನ್ನು ಗಿಡ್ಡಗೆ, ನೆಟ್ಟಗೆ ಬರೆದು, ಮೂಡಣದವನ್ನು ಉದ್ದಕ್ಕೆ, ಅಂಕುಡೊಂಕಾಗಿ ಬರೆದಿದ್ದೇನೆ.

ಇನ್ನೊಂದು ಮಾತು. ಗಟ್ಟದ ಆಚೆಯ ಬಯಲನ್ನು ಒಣ ಸೀಮೆ ಎಂದು ತೋರಿಸಿ ಅದರ ನಡುವೆ ತುಂಬುಹೊಳೆಯನ್ನು ಹರಿಸಿದ್ದೀರಿ ಎಂದೂ ನಿಮ್ಮ ಪತ್ರದ ಕೊನೆಯಲ್ಲಿ ಆಕ್ಷೇಪಿಸಿದ್ದೀರಿ. ಮಳೆಯ ಮೋಡಗಳು ಗಟ್ಟವನ್ನು ಏರುವಾಗಲೇ ಹೊರೆ ಇಳಿಸಿಬಿಡುವುದರಿಂದ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾದರೆ, ಗಟ್ಟದ ನೆರಳಿನಲ್ಲಿರುವ ಪುಣೆಗೆ ಸಿಗುವುದು 700ರ ಸುಮಾರು. ಭೀಮೆಯ ದಡದ ಅಫಜಲಪುರದ ಕಡೆಯವರನ್ನು ಕೇಳಿ ನೋಡಿ. ಊರಲ್ಲಿ ಬಿಸಿಲು ಕಾಯುತ್ತಿರುವಾಗಲೇ, ಮೇಲೆ ಉಜನಿ ಜಲಾಶಯದಿಂದ ಬಿಟ್ಟ ನೀರು ಹೊಲಕ್ಕೆ ನುಗ್ಗುವುದನ್ನು ಅವರು ಎಷ್ಟೋ ಸಲ ಕಂಡಿದ್ದಾರೆ. ಏಳ್ಮಡುವಿನ ಬಯಲಿನವರೂ ಮುಗಿಲನ್ನು ನೋಡಿ ಬಿತ್ತುವವರಲ್ಲ, ಹೊಳೆಯನ್ನು ನೋಡಿ ಬಿತ್ತುವವರು.

ಪ್ರಶ್ನೆ: ನಮ್ಮ ಶಾಲೆಯ ಏಳನೆಯ ತರಗತಿಯ ಮಕ್ಕಳು ನಿಮ್ಮ ನಕ್ಷೆಯನ್ನು ಗೋಡೆಗೆ ಅಂಟಿಸಿಕೊಂಡಿದ್ದಾರೆ. ಹೆಗ್ಗೆರೆಯಿಂದ ಎರಡು ಹೊಳೆಗಳು ಹೊರಟು ಒಂದು ಪಡುಗಡಲಿಗೂ ಇನ್ನೊಂದು ಮೂಡುಗಡಲಿಗೂ ಹೋಗುತ್ತವೆ. ‘ಟೀಚರ್, ಒಂದು ಕೆರೆಗೆ ಎರಡು ಕೋಡಿ ಇರುತ್ತದೆಯೇ?’ ಎಂದು ಒಬ್ಬ ಹುಡುಗ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ.
(ಒಬ್ಬ ಶಿಕ್ಷಕಿ, ಪಿಂಪ್ರಿ)

ಉತ್ತರ: ತಪ್ಪು ನನ್ನದು ಎಂದು ಆ ಹುಡುಗನಿಗೆ ದಯವಿಟ್ಟು ತಿಳಿಸಿ. ನಕ್ಷೆ ನೋಡಲು ಚೆಂದವಾಗಿರಲಿ ಎಂದು ಎರಡೂ ಕಡೆಗೆ ಗೆರೆ ಎಳೆದುಬಿಟ್ಟೆ, ಕೋಡಿಯ ಯೋಚನೆಯೇ ಬರಲಿಲ್ಲ.

ತಾನಾಗಿ ಆದ ಸರೋವರಕ್ಕೆ ಸಾಮಾನ್ಯವಾಗಿ ಒಂದೇ ಕೋಡಿ. ಕಾರಣವನ್ನು ತರಗತಿಯಲ್ಲೇ ತೋರಿಸಬಹುದು. ಅಗಲವಾದ ತಟ್ಟೆಯಲ್ಲಿ ಒದ್ದೆ ಮರಳಿನಿಂದ ಒಂದು ಕಟ್ಟೆ ಕಟ್ಟಿ, ಅದರ ಅಂಚಿನಲ್ಲಿ ಎರಡು ಕಡೆ ಬೆರಳಿನಿಂದ ಸಮನಾಗಿ ಗೀರಿ, ಒಳಗೆ ಲೋಟದಿಂದ ನಿಧಾನವಾಗಿ ನೀರು ಸುರಿಯಿರಿ. ಮೊದಲು ಎರಡೂ ಗೀರುಗಳಿಂದ ನೀರು ಹೊರಡುತ್ತದೆ. ಎರಡರಲ್ಲಿ ಒಂದು ಕೂದಲೆಳೆಯಷ್ಟು ತಗ್ಗಿರುತ್ತದೆ, ಅಲ್ಲಿ ನೀರು ತುಸು ಹೆಚ್ಚು ಹರಿಯುತ್ತದೆ, ಹೆಚ್ಚು ಹರಿದದ್ದರಿಂದ ಅದು ಇನ್ನಷ್ಟು ಕೊರೆದು ಇನ್ನಷ್ಟು ತಗ್ಗಾಗುತ್ತದೆ. ಕಟ್ಟೆಯೊಳಗಿನ ಮಟ್ಟ ಇಳಿದ ಹಾಗೆ ಎರಡನೆಯ ಗೀರು ಬತ್ತಿ ಬರಿಯ ಗುರುತಾಗಿ ಉಳಿಯುತ್ತದೆ. ನಾನು ಇದನ್ನು ಮನೆಯ ಬಾಲ್ಕನಿಯಲ್ಲಿ ಮೂರು ಸಲ ಮಾಡಿ ನೋಡಿದೆ. ಮೂರು ಸಲವೂ ಹುಡುಗನೇ ಗೆದ್ದ, ಕೆಳಗಿನ ಮನೆಯವರ ದೂರು ಬಂದದ್ದು ಬೇರೆ ಮಾತು.

ಹೊಳೆಗಳ ವಿಷಯದಲ್ಲೂ ಇದೇ ನಿಯಮ. ಮೇಲಿನಿಂದ ಕೆಳಕ್ಕೆ ಬರುತ್ತ ಹೊಳೆಗಳು ಕೂಡುತ್ತವೆ, ಒಡೆಯುವುದು ಅಪರೂಪ. ಶಿವನಸಮುದ್ರದಲ್ಲಿ ಕಾವೇರಿ ಎರಡಾಗಿ ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕಿದರೂ ಮುಂದೆ ಮತ್ತೆ ಒಂದಾಗುತ್ತದೆ. ಅದು ನಡುಗಡ್ಡೆಯನ್ನು ಬಳಸಿ ಹೋಗುವ ದಾರಿ, ಬೇರ್ಪಡೆ ಅಲ್ಲ. ಸಮುದ್ರದ ಬಳಿ ಮುಖಜಭೂಮಿಯಲ್ಲಿ ಕವಲಾಗುವುದೂ ಬೇರೆ ವಿಷಯ, ಅಲ್ಲಿ ಇಳಿಜಾರೇ ಮುಗಿದು ಹೂಳು ದಾರಿ ಕಟ್ಟುತ್ತದೆ. ಎರಡು ಬೇರೆ ಬೇರೆ ನದಿಗಳಿಗೆ ಒಂದೇ ನೀರು ಹಂಚಿಹೋಗುವ ನಿಜವಾದ ಉದಾಹರಣೆ ದಕ್ಷಿಣ ಅಮೆರಿಕದ ಕಾಸಿಕಿಯಾರೆ. ಒರಿನೋಕೊ ನದಿಯ ಮೇಲ್ಭಾಗದ ನೀರಿನ ಒಂದು ಪಾಲು ಅದರ ಮೂಲಕ ರಿಯೊ ನೆಗ್ರೊ ಸೇರಿ ಅಮೆಜಾನಿಗೆ ಹೋಗುತ್ತದೆ. ಜಗತ್ತೆಲ್ಲ ಅದನ್ನೇ ಎತ್ತಿ ಹೇಳುವುದರಿಂದ ಅದು ಎಷ್ಟು ವಿರಳವೆಂದು ಊಹಿಸಬಹುದು.

ಹಾಗಾದರೆ ಪಡುವಣ ಹೊಳೆಯನ್ನು ರಬ್ಬರಿನಿಂದ ಅಳಿಸಬೇಕೇ? ಅಳಿಸಲು ಹೊರಟಾಗ ನೆನಪಾದದ್ದು ನಿಮ್ಮೂರಿನ ಹತ್ತಿರದ್ದೇ ಆದ ಮುಳಶಿ. ಪುಣೆಯ ಸಂಗಮದಲ್ಲಿ ಮುಠೆಯನ್ನು ಕೂಡುವ ಮುಳೆಗೆ ಅಲ್ಲಿ ಅಣೆಕಟ್ಟಿದೆ. ಸಹಜವಾಗಿ ಆ ನೀರು ಮುಳಾ-ಮುಠಾ, ಭೀಮಾ, ಕೃಷ್ಣಾ ಎಂದು ಹೆಸರು ಬದಲಿಸುತ್ತ ನಮ್ಮ ಕಲಬುರಗಿ, ಯಾದಗಿರಿಗಳನ್ನು ಹಾದು ಬಂಗಾಳ ಕೊಲ್ಲಿಗೆ ಹೋಗಬೇಕು. ಆದರೆ ವಿದ್ಯುತ್ತಿಗಾಗಿ ಅದರ ದೊಡ್ಡ ಪಾಲನ್ನು ಪಶ್ಚಿಮಕ್ಕೆ ತಿರುಗಿಸಿ, ಘಟ್ಟದ ಕೆಳಗಿನ ಭಿರಾ ವಿದ್ಯುದಾಗಾರಕ್ಕೆ ಕೊಳವೆಗಳಲ್ಲಿ ಇಳಿಸಿ, ಕುಂಡಲಿಕಾ ನದಿಗೆ ಬಿಡುತ್ತಾರೆ. ಹೀಗೆ ಒಂದೇ ಜಲಾಶಯದ ನೀರು ಎರಡು ಸಮುದ್ರಗಳಿಗೆ ಹೋಗುತ್ತದೆ. ಕೋಲಾಡದ ಬಳಿ ಒಂದು ಬೇಸಿಗೆಯ ಬೆಳಿಗ್ಗೆ ಕುಂಡಲಿಕೆಯ ದಡದಲ್ಲಿ ನಿಂತಿದ್ದೆ. ಬಂಡೆಗಳ ನಡುವೆ ಪಾದ ಮುಳುಗುವಷ್ಟು ನೀರಿತ್ತು, ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ನೋಡನೋಡುತ್ತ ಬಂಡೆಗಳು ಒಂದೊಂದಾಗಿ ಮುಳುಗಿ, ಹೊಳೆ ಮಳೆಗಾಲದ ಹಾಗೆ ಸದ್ದು ಮಾಡತೊಡಗಿತು. ರಬ್ಬರಿನ ದೋಣಿಗಳನ್ನು ಹೊತ್ತು ಕಾಯುತ್ತಿದ್ದವರು ಗಡಿಯಾರ ನೋಡಿಕೊಂಡು ನೀರಿಗಿಳಿದರು. ಮೇಲೆ ಯಂತ್ರ ತಿರುಗಿದಾಗ ಕೆಳಗೆ ಪ್ರವಾಹ.

ಆದ್ದರಿಂದ ಹೆಗ್ಗೆರೆಯ ಪಡುವಣ ಹೊಳೆ ಇನ್ನು ಮೇಲೆ ಹೊಳೆಯಲ್ಲ, ಹಿಂದಿನ ಅರಸನೊಬ್ಬ ಗಟ್ಟದ ಅಂಚನ್ನು ಕಡಿಸಿ ತೆಗೆಸಿದ ಕಾಲುವೆ. ಇದರಿಂದ ಕಥೆಗೆ ನಾನು ಎಣಿಸಿರದ ಒಂದು ಎಳೆಯೂ ಸಿಕ್ಕಿತು. ಕಾಲುವೆಯ ತೂಬು ಯಾರ ಕೈಯಲ್ಲಿದೆಯೋ ಅವರು ಬಯಲಿನವರ ಬೆಳೆಯನ್ನೂ ಕರಾವಳಿಯವರ ನೀರನ್ನೂ ಹಿಡಿದಿರುತ್ತಾರೆ. ಕೆರೆಯ ಏರಿಯನ್ನು ಎತ್ತರಿಸಿದಾಗ ಮುಳುಗಿದ ಊರುಗಳವರು ಎಲ್ಲಿಗೆ ಹೋದರು ಎಂದೂ ಕೇಳಬೇಕಾಗುತ್ತದೆ. ಮುಳಶಿಯಲ್ಲಿ 1921ರಲ್ಲಿ ಸೇನಾಪತಿ ಬಾಪಟರ ಮುಂದಾಳುತನದಲ್ಲಿ ರೈತರು ನೆಲಕ್ಕಾಗಿ ಸತ್ಯಾಗ್ರಹ ಹೂಡಿದ್ದನ್ನು ನಿಮ್ಮ ಮಕ್ಕಳಿಗೆ ಹೇಳಿದರೆ, ಮುಂದಿನ ಕಂತು ಎತ್ತ ಹೋಗಬಹುದೆಂದು ಅವರು ನನಗಿಂತ ಮೊದಲೇ ಊಹಿಸಿಯಾರು.

ಪ್ರಶ್ನೆ: ನಕ್ಷೆಯಲ್ಲಿ ಒಂದು ಹೊಳೆ ಕೆಳಗಿನಿಂದ ಮೇಲಕ್ಕೆ ಹರಿಯುತ್ತಿದೆ. ಇದು ಹೇಗೆ ಸಾಧ್ಯ?
(ಒಬ್ಬ ಬಾಲ ಓದುಗ, ಠಾಣೆ)

ಉತ್ತರ: ಹಾಳೆಯ ಮೇಲ್ತುದಿ ಉತ್ತರ ದಿಕ್ಕು, ಎತ್ತರದ ದಿಕ್ಕಲ್ಲ. ಆಫ್ರಿಕದ ನೈಲ್ ನದಿ ದಕ್ಷಿಣದಿಂದ ಉತ್ತರಕ್ಕೇ ಹರಿಯುತ್ತದೆ. ನಕ್ಷೆಯನ್ನು ತಲೆಕೆಳಗು ಹಿಡಿದು ನೋಡು, ಹೊಳೆ ಸರಿಹೋಗುತ್ತದೆ, ಹೆಸರುಗಳು ಮಾತ್ರ ತಲೆಕೆಳಗಾಗುತ್ತವೆ.

ಪ್ರಶ್ನೆ: ಕಡವಿನೂರು ಬಂದರು ಕಡಲಿನಿಂದ ಆರು ಹರದಾರಿ ಒಳಗಿದೆ. ಕಥೆಯ ಎರಡನೆಯ ಕಂತಿನಲ್ಲಿ ಉಪ್ಪಿನ ದೋಣಿಗಳು ರಾತ್ರಿ ಹುಟ್ಟು ಹಾಕದೆಯೇ ಹೊಳೆಯ ಎದುರಿಗೆ ಸಾಗಿ ಅಲ್ಲಿಗೆ ತಲುಪುತ್ತವೆ. ಇದು ಮಾಯೆಯೋ, ಉಬ್ಬರವೋ? ಉಬ್ಬರವಾದರೆ ಎರಡು ಚಂದ್ರರ ಲೆಕ್ಕವನ್ನು ಹೇಗೆ ಮಾಡಿದ್ದೀರಿ?
(ಒಬ್ಬ ಓದುಗರು, ಫೋಂಡಾ, ಗೋವೆ)

ಉತ್ತರ: ಮಾಂಡವಿಯ ನೆರೆಯಲ್ಲಿರುವ ನಿಮಗೆ ಉತ್ತರ ತಿಳಿದೇ ಇದೆ, ನನ್ನನ್ನು ಪರೀಕ್ಷಿಸುತ್ತಿದ್ದೀರಿ. ಅಳಿವೆಯಲ್ಲಿ ನೆಲ ಸಮತಟ್ಟಾಗಿರುವುದರಿಂದ ಉಬ್ಬರದ ನೀರು ಹೊಳೆಯನ್ನು ಹಿಂದಕ್ಕೆ ತಳ್ಳಿಕೊಂಡು ಹತ್ತಾರು ಕಿಲೋಮೀಟರ್ ಒಳಗೆ ಬರುತ್ತದೆ. ಮಳೆಗಾಲದಲ್ಲಿ ಮೇಲಿನ ನೀರಿನ ಜೋರಿಗೆ ಉಪ್ಪು ಬಾಯಿಯಲ್ಲೇ ನಿಲ್ಲುತ್ತದೆ, ಬೇಸಿಗೆಯಲ್ಲಿ ಒಳನುಗ್ಗುತ್ತದೆ. ಉಬ್ಬರದ ಮೇಲೆ ಒಳಕ್ಕೆ, ಇಳಿತದ ಮೇಲೆ ಹೊರಕ್ಕೆ: ದೋಣಿಯವರ ದಿನಚರಿ ಇಷ್ಟೇ. ಒಂದು ಉಬ್ಬರಕ್ಕೂ ಮುಂದಿನ ಉಬ್ಬರಕ್ಕೂ ಸುಮಾರು ಹನ್ನೆರಡೂವರೆ ಗಂಟೆಯ ಅಂತರ, ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡ. ಕೊಂಕಣದ ಕರಾವಳಿಯಲ್ಲಿ ಹಳಬರು ಇದಕ್ಕೆ ಪಂಚಾಂಗದ ಲೆಕ್ಕವೊಂದನ್ನು ಇಟ್ಟುಕೊಂಡಿದ್ದಾರೆ. ತಿಥಿಯ ಅಂಕಿಯ ಮುಕ್ಕಾಲು ಪಾಲೇ ತುಂಬು ಭರತಿಯ, ಅಂದರೆ ಉಬ್ಬರದ, ಗಂಟೆ. ಚೌತಿಯಾದರೆ ಮೂರು ಗಂಟೆ, ಅಷ್ಟಮಿಯಾದರೆ ಆರು, ಹುಣ್ಣಿಮೆ ಅಮಾವಾಸ್ಯೆಗಳಿಗೆ ಹನ್ನೊಂದು ದಾಟಿ ನಡುಹಗಲಿನ ಸಮೀಪ. ಮುಂಬಯಿಯಲ್ಲಿ ಪತ್ರಿಕೆಯಲ್ಲಿ ಬರುವ ಭರತಿಯ ವೇಳೆಯೊಡನೆ ಹೋಲಿಸಿದರೆ ಇದು ಅರ್ಧ ಮುಕ್ಕಾಲು ಗಂಟೆಯ ಹೆಚ್ಚುಕಮ್ಮಿಯಲ್ಲಿ ಹೊಂದುತ್ತದೆ.

ಎರಡು ಚಂದ್ರರ ವಿಷಯ ಹೀಗೆ. ಹಿರಿಚಂದ್ರ ಮೂವತ್ತು ದಿನಕ್ಕೊಮ್ಮೆ, ಕಿರಿಚಂದ್ರ ಹನ್ನೆರಡು ದಿನಕ್ಕೊಮ್ಮೆ ಒಂದೇ ದಿಕ್ಕಿನಲ್ಲಿ ಸುತ್ತುತ್ತವೆ ಎಂದು ಇಟ್ಟುಕೊಂಡಿದ್ದೇನೆ. ಹಾಗಾದರೆ ಇಪ್ಪತ್ತು ದಿನಕ್ಕೊಮ್ಮೆ ಇಬ್ಬರೂ ಒಂದೇ ಕಡೆ ಒಟ್ಟಾಗುತ್ತಾರೆ. ಉಬ್ಬರವೆಂಬುದು ಚಂದ್ರನ ಕಡೆಗೂ ಅದರ ಬೆನ್ನ ಕಡೆಗೂ ಏಳುವುದರಿಂದ, ಇಬ್ಬರೂ ಎದುರುಬದುರಾದಾಗಲೂ ಬಲ ಕೂಡುತ್ತದೆ. ಅಂದರೆ ಹತ್ತು ದಿನಕ್ಕೊಂದು ಹೆಚ್ಚುಬ್ಬರ. ನಮ್ಮ ಭೂಮಿಯಲ್ಲಿ ಚಂದ್ರನ ಅರ್ಧಕ್ಕಿಂತ ತುಸು ಕಡಿಮೆ ಬಲದ ಸೂರ್ಯನೇ ಇಷ್ಟು ಏರುಪೇರು ಮಾಡುತ್ತಾನೆ. ಅವನೂ ಇಬ್ಬರು ಚಂದ್ರರ ಸಾಲಿಗೆ ಬಂದು ನಿಂತ ದಿನವನ್ನು ಕಡವಿನೂರಿನವರು ಹಬ್ಬವೆನ್ನುತ್ತಾರೋ ಕಂಟಕವೆನ್ನುತ್ತಾರೋ, ಅದು ಮನೆಯ ಮೆಟ್ಟಿಲಿನ ಎತ್ತರವನ್ನು ಅವಲಂಬಿಸಿದೆ. ಚಂದ್ರನ ತೂಕಕ್ಕಿಂತ ದೂರವೇ ಮುಖ್ಯ ಎಂಬುದನ್ನೂ ಗಮನಿಸಬೇಕು. ದೂರ ಅರ್ಧವಾದರೆ ಉಬ್ಬರದ ಬಲ ಎಂಟು ಪಟ್ಟಾಗುತ್ತದೆ. ಆದ್ದರಿಂದ ಕಿರಿಚಂದ್ರನನ್ನು ಬೆಟ್ಟದಷ್ಟು ಹತ್ತಿರ ತಂದು ಚೆಂದ ನೋಡುವ ಆಸೆಯನ್ನು ನಾನು ಬಿಟ್ಟುಕೊಟ್ಟೆ.

ಕಡವಿನೂರಿನ ಗದ್ದೆಗಳನ್ನು ಮಾತ್ರ ನಿಮ್ಮ ಊರಿನ ಖಾಜನ್ ನೆಲದಿಂದಲೇ, ಅಂದರೆ ಉಪ್ಪುನೀರನ್ನು ಒಡ್ಡು ಕಟ್ಟಿ ತಡೆದ ಅಳಿವೆಯ ಗದ್ದೆಗಳಿಂದಲೇ, ಕಡ ತಂದಿದ್ದೇನೆ. ದಿವಾಡಿ ದ್ವೀಪದಲ್ಲಿ ಫೆರಿಯಿಂದಿಳಿದು ನಡೆಯುವಾಗ ಒಮ್ಮೆ ಒಡ್ಡಿನ ಮೇಲೆ ಕುಳಿತು ‘ಮಾನಸ್’ ಎಂದು ಕರೆಯುವ ತೂಬನ್ನು ನೋಡಿದ್ದೆ. ಕಲ್ಲಿನ ಚೌಕಟ್ಟಿಗೆ ಮೇಲಿನಿಂದ ತೂಗುಬಿಟ್ಟ ಮರದ ಹಲಗೆ, ಅಷ್ಟೇ. ಇಳಿತದಲ್ಲಿ ಗದ್ದೆಯ ನೀರು ಅದನ್ನು ಹೊರಕ್ಕೆ ತಳ್ಳಿಕೊಂಡು ಹೋಗುತ್ತಿತ್ತು. ನೀರು ಒಂದು ಗಳಿಗೆ ಅಲುಗದೆ ನಿಂತಿತು. ಆಮೇಲೆ ಹೊಳೆಯ ಕಡೆಯಿಂದ ಭರತಿ ಏರಿದಂತೆ ಹಲಗೆ ತಾನಾಗಿ ಬಂದು ಚೌಕಟ್ಟಿಗೆ ಅಂಟಿಕೊಂಡಿತು, ಸಂದಿಯಲ್ಲಿ ನೂಲಿನಷ್ಟು ನೀರು ಚಿಮ್ಮುತ್ತ ಉಳಿಯಿತು. ಕಾಯುವವರು ಯಾರೂ ಇರಲಿಲ್ಲ. ಉತ್ತರ ಕನ್ನಡದ ಅಘನಾಶಿನಿಯ ಅಳಿವೆಯಲ್ಲಿ ಇದೇ ಬಗೆಯ ನೆಲವನ್ನು ಗಜನಿ ಎನ್ನುತ್ತಾರೆ. ಅಲ್ಲಿಯ ಕಗ್ಗ ಭತ್ತವೂ ಗೋವೆಯ ಕೊರಗುಟ್ ಭತ್ತವೂ ಉಪ್ಪನ್ನು ತಾಳಿಕೊಳ್ಳುವ ತಳಿಗಳು. ಧಾರಾವಾಹಿಯಲ್ಲಿ ದಂಡು ಬಂದು ಒಡ್ಡನ್ನು ಒಡೆಯುವ ಪ್ರಸಂಗವಿದೆಯಲ್ಲ, ಅದರ ಘೋರ ಇರುವುದು ಇಲ್ಲಿ: ಮನೆಗೆ ಹಚ್ಚಿದ ಬೆಂಕಿ ಒಂದು ದಿನಕ್ಕೆ ಆರುತ್ತದೆ, ಗದ್ದೆಗೆ ನುಗ್ಗಿದ ಉಪ್ಪನ್ನು ತೊಳೆಯಲು ಮಳೆಗಾಲಗಳೇ ಬೇಕು.

ಪ್ರಶ್ನೆ: ಹೊಳೆಯ ಬಾಯಿಯಲ್ಲಿ ನಡುಗಡ್ಡೆಗಳನ್ನು ಕೂಡಿಸಿ ಕಟ್ಟಿದ ಕೋಟೆಕುದ್ರು ಎಂಬ ರಾಜಧಾನಿ ಮಳೆಗಾಲದಲ್ಲಿ ಮುಳುಗುವುದಿಲ್ಲವೇ?
(ಒಬ್ಬ ಓದುಗರು, ಕುರ್ಲಾ)

ಉತ್ತರ: ಮುಳುಗುತ್ತದೆ. ಏಳು ದ್ವೀಪಗಳ ನಡುವಿನ ಕಡಲನ್ನು ತುಂಬಿ ಕಟ್ಟಿದ ಊರಿನಲ್ಲಿ ಕುಳಿತು ಈ ಪ್ರಶ್ನೆ ಕೇಳುವ ನಿಮಗೆ ಉತ್ತರವನ್ನು ನಾನು ಬಣ್ಣಿಸಬೇಕಾಗಿಲ್ಲ. ವಿಹಾರ, ಪವಯಿ ಕೆರೆಗಳು ತುಂಬಿ ಚೆಲ್ಲಿದ ನೀರೇ ಮಿಠಿ ನದಿ. ಸುಮಾರು 18 ಕಿಲೋಮೀಟರ್ ಹರಿದು ಮಾಹೀಮ್ ಖಾಡಿ ಸೇರುವ ಈ ಪುಟ್ಟ ಹೊಳೆಯನ್ನು ಎಷ್ಟೋ ಜನ ನಾಲೆಯೆಂದೇ ತಿಳಿದಿದ್ದರು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದಾಗ ಅದು ನದಿಯೆಂಬುದು ಎಲ್ಲರಿಗೂ ಗೊತ್ತಾಯಿತು. ಮೇಲಿನಿಂದ ಮಳೆ, ಕೆಳಗಿನಿಂದ ಭರತಿ ಒಟ್ಟಿಗೆ ಬಂದಾಗ ನಡುವಿನ ನೀರಿಗೆ ಹೋಗಲು ಜಾಗವಿರುವುದಿಲ್ಲ. ಕೋಟೆಕುದ್ರುವಿನಲ್ಲೂ ಹತ್ತು ದಿನಕ್ಕೊಮ್ಮೆ ಬರುವ ಹೆಚ್ಚುಬ್ಬರದ ದಿನ ಮಳೆ ಬಂದರೆ ಬಡವರ ಕೇರಿಗಳೇ ಮೊದಲು ನೀರಿಗೆ ಸಿಗುತ್ತವೆ, ಏಕೆಂದರೆ ಅವು ತುಂಬಿದ ನೆಲದ ಮೇಲಿವೆ. ಅರಮನೆ ಹಳೆಯ ಬಂಡೆಗುಡ್ಡದ ಮೇಲಿದೆ. ದಡವನ್ನು ಉಬ್ಬರದಿಂದ ಕಾಯುವ ಕಾಂಡ್ಲಾ ಗಿಡಗಳನ್ನು ಕಡಿಯಬಾರದೆಂಬ ಕಟ್ಟಳೆಯನ್ನು ಮೊದಲ ಕಂತಿನಲ್ಲೇ ಒಬ್ಬ ಮಂತ್ರಿ ತೆಗೆದುಹಾಕಿದ್ದು ಸುಮ್ಮನೆ ಬಂದ ವಿವರವಲ್ಲ.

ಪ್ರಶ್ನೆ: ಒಂದೇ ಹೊಳೆಗೆ ಗಟ್ಟದಲ್ಲಿ ಕಾರ್ಹೊಳೆ, ಬಯಲಲ್ಲಿ ಬಿಲ್ಲುಹೊಳೆ, ಕಡಲ ಬಳಿ ಬೆಳಗಡಿ ಎಂದು ಅಚ್ಚಾಗಿದೆ. ಮುದ್ರಣದೋಷವೇ?
(ಒಬ್ಬ ಓದುಗರು, ಮುಲುಂಡ)

ಉತ್ತರ: ದೋಷವಲ್ಲ. ಹೊಳೆಗೆ ಹೆಸರಿಡುವವರು ದಡದವರು, ಅವರು ಕಾಣುವುದು ತಮ್ಮ ಊರಿನ ಮುಂದಿನ ನೀರನ್ನಷ್ಟೇ. ಬೆಳಗಾವಿಯ ಕಾಡಿನಲ್ಲಿ ಮಹದಾಯಿಯಾದದ್ದು ಪಣಜಿಯಲ್ಲಿ ಮಾಂಡವಿ. ಪಂಢರಪುರದಲ್ಲಿ ಚಂದ್ರನ ಕಲೆಯಂತೆ ಬಾಗುವ ಭೀಮೆ ಅಲ್ಲಿಯ ಭಕ್ತರಿಗೆ ಚಂದ್ರಭಾಗಾ. ಬಿಲ್ಲುಹೊಳೆ ಎಂಬುದು ಅಂಥ ಬಾಗಿನಿಂದಲೇ ಬಂದ ಹೆಸರು. ಇನ್ನು ಎರಡು ಕೂಡಿದಾಗ ಯಾರ ಹೆಸರು ಉಳಿಯಬೇಕೆಂಬ ಜಗಳವನ್ನು ತುಂಗೆ ಭದ್ರೆಯರೂ ಮುಳೆ ಮುಠೆಯರೂ ಎರಡನ್ನೂ ಉಳಿಸಿಕೊಂಡು ಬಗೆಹರಿಸಿದ್ದಾರೆ. ಕರಾಡದಲ್ಲಿ ಕೃಷ್ಣೆ ಕೊಯ್ನೆಯರು ಎದುರುಬದುರಾಗಿ ಬಂದು ಕೂಡಿ ಪಕ್ಕಕ್ಕೆ ಹೊರಳುತ್ತಾರೆ, ಅಲ್ಲಿ ಕೊಯ್ನೆ ತನ್ನ ಹೆಸರು ಬಿಟ್ಟುಕೊಟ್ಟು ಜಾಗಕ್ಕೆ ಪ್ರೀತಿಸಂಗಮ ಎಂಬ ಹೆಸರು ಗಳಿಸಿದಳು.

ಹೆಗ್ಗೆರೆಯಿಂದ ಪಡುಗಡಲಿಗೆ ತೆಗೆದ ಕಾಲುವೆಗೆ ಮಾತ್ರ ಇನ್ನೂ ಹೆಸರಿಲ್ಲ. ಅದನ್ನು ಇಡುವ ಹಕ್ಕು ಪಿಂಪ್ರಿಯ ಏಳನೆಯ ತರಗತಿಗೆ ಸೇರಿದ್ದು. ತಿದ್ದಿದ ನಕ್ಷೆ ಮುಂದಿನ ಸಂಚಿಕೆಯಲ್ಲಿ ಅಚ್ಚಾಗುತ್ತದೆ, ಅದಕ್ಕೆ ಮೊದಲು ಒಂದು ಕಾರ್ಡು ಬರೆದು ತಿಳಿಸಿದರೆ ಸಾಕು. ಕಾಲುವೆಗೆ ಬಿದ್ದ ಮೇಲೆ ನೀರು ಗಟ್ಟವಿಳಿದು ಹೋಗುವ ಸದ್ದು ಕೆಳಗಿನ ಊರಿಗೆ ಎಷ್ಟು ದೂರದಿಂದ ಕೇಳಿಸುತ್ತದೆ ಎಂದು ಯೋಚಿಸಿ ಹೆಸರಿಡಲಿ.